ಪಟ್ಟದ ಹೋರಿಯ ಒಪ್ಪಿಗೆ ಮತ್ತು ಎರಡನೆಯ ಕೊಳವೆ

ಅನಿಲ ಕೊಳವೆಯ ಕೆಲಸಕ್ಕೆ ಹೊಸದಾಗಿ ಸೇರುವ ಕಿರಿಯರಿಗೆ ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತೇನೆ. ಅನಿಲವು ನೆಲದಡಿಯಲ್ಲಿ ಹರಿಯುತ್ತದೆ ಎಂದು ನಿಮಗೆ ತರಬೇತಿಯಲ್ಲಿ ಕಲಿಸುತ್ತಾರೆ. ಅದು ಸರಿಯೇ. ಆದರೆ ಕೊಳವೆಯು ನೆಲದಡಿಗೆ ಇಳಿಯುವುದಕ್ಕೆ ಮುನ್ನ ನೆಲದ ಮೇಲಿರುವ ಪ್ರತಿಯೊಬ್ಬರ ಬಾಯಿಯ ಮೂಲಕ ಹಾದುಹೋಗಬೇಕು. ಆ ಹಾದಿಯ ಉದ್ದವನ್ನು ಯಾವ ನಕಾಶೆಯೂ ತೋರಿಸುವುದಿಲ್ಲ. ಈ ವೃತ್ತಿಯ ಸಂತೋಷವೆಲ್ಲ ಇರುವುದೂ ಆ ಹಾದಿಯಲ್ಲಿಯೇ.

ನಾನು ಎಂಜಿನಿಯರನಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆಸಿರುವ, ಕನ್ನಡ ಮನೆಮಾತಿನ ಒಕ್ಕಲು ಮನೆತನದವನು. ಹೊಸೂರಿನ ಕಡೆಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ದಿಂಡಿಗಲ್ಲಿನಿಂದ ಬತ್ತಲಗುಂಡು, ತೇನಿ, ಕಂಬಂ ಮಾರ್ಗವಾಗಿ ಕಣಿವೆಯ ಕೊನೆಯ ಊರಾದ ಗೂಡಲೂರಿನವರೆಗೆ ಮನೆಮನೆಗೂ ಅಡುಗೆ ಅನಿಲವನ್ನು ಒಯ್ಯಲು ಒಂದು ಸಂಸ್ಥೆ ಹೊರಟಾಗ, ಅಗೆಯುವವರಿಗಿಂತ ಮುಂದೆ ಹೋಗಿ ಜನರ ಒಪ್ಪಿಗೆ ಪಡೆಯುವ ಮನುಷ್ಯನೊಬ್ಬ ಅವರಿಗೆ ಬೇಕಾಗಿದ್ದ. ಎರಡು ಭಾಷೆಗಳನ್ನು ಬಲ್ಲವನು, ಬೈಸಿಕೊಂಡರೂ ವಾಕ್ಯವನ್ನು ಪೂರ್ಣಗೊಳಿಸುವವನು ಎಂಬ ಅರ್ಹತೆಗಳ ಮೇಲೆ ನನ್ನನ್ನು ತೆಗೆದುಕೊಂಡರು. ಹುದ್ದೆಯ ಹೆಸರು ಹಲವು ಸಲ ಬದಲಾಯಿತು, ಕೆಲಸ ಬದಲಾಗಲಿಲ್ಲ. ಆದಕಾರಣ ಬಡ್ತಿಗಳ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಕಡೆಗೆ ಮೊಣಕಾಲು ಕೈಕೊಟ್ಟಿತು. (ಇಂಥ ಪ್ರಯೋಗವನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.) ವಯಸ್ಸಿಗೆ ಮೊದಲೇ ಸ್ವಇಚ್ಛೆಯಿಂದ ನಿವೃತ್ತನಾದೆ. ಅಂದಿನಿಂದ ಈ ಪ್ರಸಂಗಗಳನ್ನು ನೆನೆದು ಒಬ್ಬನೇ ನಗುವುದನ್ನು ಮನೆಯವರು ಸಹಿಸಿಕೊಂಡಿದ್ದಾರೆ.

ಬತ್ತಲಗುಂಡಿನ ಹೂವಿನ ವ್ಯಾಪಾರದ ಅಜ್ಜಿಯೊಬ್ಬರು ನನ್ನ ಮೊದಲ ಪರೀಕ್ಷಕರು. ಕೊಳವೆಯು ದಿಂಡಿಗಲ್ಲಿನಿಂದ ಹೊರಟು ಯಾವ ಯಾವ ಊರುಗಳನ್ನು ಹಾದು ಅವರ ಅಡುಗೆಮನೆಗೆ ಬರುತ್ತದೆ ಎಂಬುದನ್ನು ಕ್ರಮವಾಗಿ ವಿವರಿಸಿದೆ. ಅವರು ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

“ತಂಬಿ, ದಾರೀಲಿರೋರೆಲ್ಲ ತಗೊಂಡು ಮಿಕ್ಕಿದ್ದು ತಾನೇ ನನಗೆ ಬರೋದು?”

“ಹಾಗಲ್ಲ ಪಾಟಿ...”

“ಹಾಗೇ. ನನಗೆ ಎಂಜಲು ಗ್ಯಾಸು ಬೇಡ.”

ಒತ್ತಡ, ಪ್ರಮಾಣ, ಕವಾಟ ಎಂದು ಪದಕೋಶವನ್ನೆಲ್ಲ ಖಾಲಿಮಾಡಿದೆ. ಅಜ್ಜಿ ಅಲುಗಲಿಲ್ಲ. ಕೊನೆಗೆ, “ಪಾಟಿ, ಈ ಬೀದಿಯಲ್ಲಿ ಮೊದಲು ನಿಮ್ಮನೆ ಒಲೆ ಹಚ್ಚುತ್ತೇವೆ. ಎದುರುಮನೆಯವರಿಗೆ ನಿಮ್ಮ ಎಂಜಲು,” ಎಂದೆ. ಅಜ್ಜಿ ಹೂವನ್ನು ಕೆಳಗಿಟ್ಟು, ಹೆಬ್ಬೆರಳಿಗೆ ಶಾಯಿ ಎಲ್ಲಿ ಎಂದು ಕೇಳಿದರು. ಅಂದು ಸಂಜೆ ಬಸ್ಸಿನಲ್ಲಿ ನಾನು ನಗುತ್ತಿದ್ದುದನ್ನು ಕಂಡು ಪಕ್ಕದವರು ಎದ್ದು ಬೇರೆ ಆಸನಕ್ಕೆ ಹೋದರು.

ನನ್ನ ಮೇಲಧಿಕಾರಿ ಸೆಲ್ವಿ ಮೇಡಂ ನಾಗರಕೋಯಿಲಿನವರು, ವಿಭಾಗದ ಮುಖ್ಯ ಎಂಜಿನಿಯರು. ಅವರು ನಗುತ್ತಿರಲಿಲ್ಲ, ನಗಿಸುತ್ತಿದ್ದರು. ಬೋಡಿಯಲ್ಲಿ ಏಲಕ್ಕಿ ವ್ಯಾಪಾರಿಯೊಬ್ಬರ ಮನೆಗೆ ನಾವಿಬ್ಬರೂ ಹೋಗಿದ್ದೆವು. ಬೋಡಿಮೆಟ್ಟಿನ ತೋಟಗಳಿಂದ ಇಳಿದ ಮೂಟೆಗಳು ನಡುಮನೆಯವರೆಗೂ ತುಂಬಿದ್ದವು. ಅನಿಲಕ್ಕೆ ತನ್ನದೇ ಆದ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಒಂದು ದುರ್ನಾತವನ್ನು ಬೆರೆಸುತ್ತೇವೆ. ಉಗುರಿನಿಂದ ಕೆರೆದರೆ ಆ ನಾತ ಬರುವ ಚೀಟಿಯೊಂದನ್ನು ಗ್ರಾಹಕರಿಗೆ ಮೂಸಲು ಕೊಡುವುದು ನಮ್ಮ ಪದ್ಧತಿ. ವ್ಯಾಪಾರಿ ಮೂಸಿ ಮುಖ ಕಿವುಚಿದರು.

“ಈ ನಾತ ಬಂದರೆ ನನ್ನ ಸರಕು ಯಾರು ಕೊಳ್ತಾರೆ? ನಾನೇ ಒಂದು ಮೂಟೆ ಕೊಡ್ತೀನಿ, ಏಲಕ್ಕಿ ವಾಸನೆ ಬೆರೆಸಿ.”

“ಸಾರ್, ಸೋರಿದರೆ ನೀವು ಹೊರಗೆ ಓಡಬೇಕು,” ಎಂದರು ಮೇಡಂ. “ಏಲಕ್ಕಿ ವಾಸನೆ ಬಂದರೆ ಪಾಯಸ ಅಂತ ಲೋಟ ಹಿಡ್ಕೊಂಡು ಒಳಗೆ ಹೋಗ್ತೀರಿ.”

ವ್ಯಾಪಾರಿ ಒಂದು ಕ್ಷಣ ಯೋಚಿಸಿ, ಹೋಗುವುದು ನಿಜವೆಂದು ಒಪ್ಪಿಕೊಂಡರು.

ಪದ್ಧತಿಗಳು ನನ್ನ ಕಣ್ಣೆದುರಿಗೇ ಬದಲಾದವು. ಈಗ ನಿಮ್ಮ ಕೈಯಲ್ಲಿರುವ ಹಲಗೆಯಂಥ ಯಂತ್ರವು ಉಪಗ್ರಹವನ್ನು ಕೇಳಿ ಕೊಳವೆಯ ಜಾಗವನ್ನು ಅಂಗೈ ಅಗಲದಷ್ಟು ನಿಖರವಾಗಿ ಹೇಳುತ್ತದೆ. ಮೊದಲು ನಾವು ಟೇಪು ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದೆವು. ಚಿನ್ನಮನೂರಿನ ಒಂದು ಬೀದಿಯಲ್ಲಿ ಸಂಜೆ ಎಳೆದ ಗೆರೆಗೆ ಬೆಳಿಗ್ಗೆ ಹೆಂಗಸರು ಚುಕ್ಕಿಗಳನ್ನು ಸೇರಿಸಿ, ಬೀದಿಯುದ್ದಕ್ಕೂ ಕಮಲದ ರಂಗೋಲಿ ಮಾಡಿಬಿಟ್ಟಿದ್ದರು. ಅಗೆಯುವವರು ಬಲು ನಿಷ್ಠಾವಂತರು. ಸುಣ್ಣ ಇದ್ದಲ್ಲೆಲ್ಲ ಅಗೆಯಬೇಕೆಂಬ ಆದೇಶವನ್ನು ಪಾಲಿಸಿ ಮೊದಲ ಎಸಳಿನ ಸುತ್ತ ಗುದ್ದಲಿ ಹಾಕಿದ್ದರು. ಮೇಡಂ ಬಂದು ನೋಡಿ, “ಕೊಳವೆಯನ್ನು ಕಮಲದ ಆಕಾರಕ್ಕೆ ಬಗ್ಗಿಸುವ ಯಂತ್ರ ನಮ್ಮಲ್ಲಿ ಇಲ್ಲ, ತರಿಸಲೇ?” ಎಂದು ಕೇಳಿದರು. ಹೆಂಗಸರು ತರಿಸಿ ಎಂದರು.

ಇವೆಲ್ಲ ಚಿಲ್ಲರೆ ಪ್ರಸಂಗಗಳು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಎರಡನೆಯ ಕೊಳವೆಯ ಕಥೆಯನ್ನು.

ನಮ್ಮ ಕೊಳವೆಯ ಕೊನೆಯ ಗ್ರಾಹಕರು ನನ್ನ ಸೋದರತ್ತೆ ಪಾಪಮ್ಮ. ಗೂಡಲೂರಿನಿಂದ ಕೇರಳದ ಗಡಿಯ ಕುಮಿಳಿ ಘಟ್ಟಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ ಅವರದೊಂದು ಊಟದ ಮೆಸ್ಸು. ನನ್ನ ಮಾತನ್ನು ನಂಬಿ ಸಿಲಿಂಡರುಗಳನ್ನೆಲ್ಲ ಹಿಂತಿರುಗಿಸಿ, ‘ಪೈಪ್ ಗ್ಯಾಸ್ ಮೆಸ್’ ಎಂದು ಹೊಸ ಫಲಕವನ್ನೂ ಬರೆಸಿದ್ದರು. ಮೊದಮೊದಲು ಜ್ವಾಲೆ ನೀಲಿಯಾಗಿ ನಿಂತು ಉರಿಯಿತು. ಆಮೇಲೆ ಕಣಿವೆಯಲ್ಲಿ ಎಲ್ಲರಿಗೂ ಕೊಳವೆಯ ಅನಿಲ ಬೇಕಾಯಿತು: ಮನೆಗಳು, ಹೋಟೆಲುಗಳು, ಬೇಕರಿಗಳು, ಕಲ್ಯಾಣಮಂಟಪಗಳು. ಕೊಳವೆ ಒಂದೇ, ಬಾಯಿಗಳು ಸಾವಿರ. ಸಂಜೆ ಎಲ್ಲರೂ ಒಟ್ಟಿಗೆ ಒಲೆ ಹಚ್ಚಿದಾಗ ಕೊನೆಯ ತುದಿಯಲ್ಲಿ ಒತ್ತಡ ಇಳಿದು ಅತ್ತೆಯ ಒಲೆ ಮಿಂಚುಹುಳುವಾಗುತ್ತಿತ್ತು.

“ಮುತ್ತೂ, ನಿನ್ ಗ್ಯಾಸು ಹೊತ್ತು ಮುಳುಗಿದ್ರೆ ನಾಚ್ಕೊಂತದೆ,” ಎಂದು ಅತ್ತೆ ಫೋನಿನಲ್ಲಿ ಹೇಳುತ್ತಿದ್ದರು. “ಹೊಸ ಮದ್ಲಿಂಗಿತ್ತಿ ಹಂಗೆ ತಲೇನೇ ಎತ್ತಲ್ಲ. ನಾನ್ ಏನ್ ಆರತಿ ಎತ್ತಿ ಕರೀಲಾ?”

ಅತ್ತೆಯ ವರ್ಷದ ಸಂಪಾದನೆ ಇರುವುದು ಶಬರಿಮಲೆ ಯಾತ್ರೆಯ ಕಾಲದಲ್ಲಿ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಆ ರಸ್ತೆಯಲ್ಲಿ ಯಾತ್ರಿಕರ ವಾಹನಗಳು ಸಾಲುಗಟ್ಟುತ್ತವೆ. ಅವು ನಿಲ್ಲುವುದು ಸಂಜೆಯ ಊಟಕ್ಕೆ. ಹಿಂದಿನ ವರ್ಷ ಒಲೆ ಉರಿಯದೆ ಯಾತ್ರಿಕರು ಎದ್ದು ಪಕ್ಕದ ಹೋಟೆಲಿಗೆ ಹೋಗಿದ್ದರು. ಈ ಸಲವೂ ಹಾಗಾದರೆ ಆ ಜಾಗವನ್ನು ಬಾಳೆಕಾಯಿ ಚಿಪ್ಸ್ ಅಂಗಡಿಗೆ ಕೊಡುವುದಾಗಿ ಕಟ್ಟಡದ ಮಾಲೀಕ ಮುಖದ ಮೇಲೆಯೇ ಹೇಳಿದ್ದ. ಮತ್ತೆ ಸಿಲಿಂಡರು ತರಿಸಿಕೊಳ್ಳಿ ಎಂದು ನಾನು ಅಂದರೆ ಅತ್ತೆ, “ಸಿಲಿಂಡರ್ ಕಂಪ್ನಿ ನಂಗೆ ಅಳಿಯನಾ? ಮಾತು ಕೊಟ್ಟೋನು ನೀನು,” ಎನ್ನುತ್ತಿದ್ದರು.

ಪರಿಹಾರವು ಸರಳವಾಗಿತ್ತು: ಕಂಬಂ ಬಳಿಯ ಒತ್ತಡ ನಿಯಂತ್ರಣ ಕೇಂದ್ರದಿಂದ ಗೂಡಲೂರಿಗೆ, ಹಳೆಯದಕ್ಕೆ ಜೊತೆಯಾಗಿ ಎರಡನೆಯ ಕೊಳವೆ. ಯಾತ್ರೆಗೆ ಮುನ್ನ ಅದನ್ನು ಮುಗಿಸಲೆಂದು ಮೇಡಂ ಎರಡೂ ಕಡೆಯಿಂದ ಕೆಲಸ ಹಚ್ಚಿದರು. ದ್ರಾಕ್ಷಿತೋಟಗಳ ಅಂಚಿನಲ್ಲಿ ಹಳದಿ ಕೊಳವೆಯು ಸರಸರನೆ ಮಲಗುತ್ತ ಬಂತು. ನಡುವೆ ಒಂದೇ ಒಂದು ಕಡೆ, ಎತ್ತಿನಗಾಡಿ ಅಗಲದ ಒಂದು ಮಣ್ಣು ದಾರಿ ಉಳಿಯಿತು.

ಅದು ದೇವರ ಮಂದೆಯ ದಾರಿ. ನಮ್ಮ ಕುಲದವರು ದೇವರಿಗೆ ಬಿಟ್ಟ ಹಸುಗಳ ಮಂದೆಯೊಂದು ಅಲ್ಲಿದೆ. ಅವುಗಳ ಹಾಲನ್ನು ಮಾರುವುದಿಲ್ಲ, ಅವನ್ನು ಗಾಡಿಗೆ ಹೂಡುವುದಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಅದನ್ನು ಮನುಷ್ಯರು ಆರಿಸುವುದಿಲ್ಲ. ಕಬ್ಬಿನ ಕಟ್ಟನ್ನು ಇಟ್ಟಾಗ ಯಾವ ಹೋರಿ ತಾನಾಗಿ ಬಂದು ಬಾಯಿ ಹಾಕುತ್ತದೆಯೋ ಅದಕ್ಕೆ ಪಟ್ಟ. ಮುಂದೆ ಮಂದೆಯ ವಿಷಯದಲ್ಲಿ ಸಂದೇಹ ಬಂದಾಗಲೆಲ್ಲ ಅದು ನಡೆದದ್ದೇ ತೀರ್ಪು. ಬೆಳಿಗ್ಗೆ ಬೆಟ್ಟದ ಅಡಿಗೆ ಮೇಯಲು ಹೋಗಿ ಸಂಜೆ ಹಿಂತಿರುಗುವುದು ಆ ದಾರಿಯಲ್ಲಿಯೇ. ಮಂದೆಯ ಹೊಣೆ ಹೊತ್ತವರು ಚಿಕ್ಕಣ್ಣ ತಾತ.

“ಏನಪ್ಪಾ ವಾದ್ಯಾರು,” ಎಂದರು ತಾತ. ನಾನು ಶಾಲೆ ಬಿಟ್ಟರೂ ಮೇಷ್ಟ್ರೆಂಬ ಆ ಹೆಸರು ನನ್ನನ್ನು ಬಿಟ್ಟಿರಲಿಲ್ಲ. “ಪಳ್ಳಿಕೂಡದ ಕೆಲ್ಸ ಬಿಟ್ಟು ಕುಣಿ ತೋಡಕ್ಕೆ ಬಂದ್ಯಾ?”

“ತೋಡೋದೇ ಇಲ್ಲ ತಾತಾ. ಈ ಕಡೆಯಿಂದ ಆ ಕಡೆಗೆ ನೆಲದಡಿಯಲ್ಲೇ ಕೊರೆಯುತ್ತೇವೆ. ದಾರಿಯ ಮೇಲಿನ ಒಂದು ಹಿಡಿ ಮಣ್ಣೂ ಅಲುಗುವುದಿಲ್ಲ.”

“ಒಂದ್ ಹಿಡಿ ಅಂದೆ. ನೆಪ್ಪಿರಲಿ.”

ತಾತ ಪಂಚಾಂಗ ನೋಡಿಸಿ ದಿನ ಕೊಟ್ಟರು. ಒಂದೇ ನಿಬಂಧನೆ: ರಾಹುಕಾಲ ಹುಟ್ಟುವ ಮುನ್ನ ಕೊರೆಯುವುದು ಮುಗಿಯಬೇಕು. ಮೇಡಂ ಒಪ್ಪಿದರು. ಅವರ ಬಳಿ ಮುಹೂರ್ತದ ವಿರುದ್ಧ ಯಾವ ಸುತ್ತೋಲೆಯೂ ಇರಲಿಲ್ಲ.

ಕಿರಿಯರು ಇದನ್ನು ಗಮನವಿಟ್ಟು ಓದಬೇಕು. ಕೊರೆಯುವ ಯಂತ್ರವು ದಾರಿಯ ಈಚೆ ನಿಂತು, ಉಕ್ಕಿನ ಸಲಾಕೆಯನ್ನು ಅಡ್ಡಡ್ಡವಾಗಿ ನೆಲದಡಿಗೆ ನುಗ್ಗಿಸುತ್ತದೆ. ಬಿಲ ಕುಸಿಯದಂತೆ ನುಣುಪಾದ ಜೇಡಿಮಣ್ಣು ಕಲಸಿದ ನೀರನ್ನು ಒಳಗೆ ಒತ್ತುತ್ತಾರೆ. ಸಲಾಕೆ ಆಚೆ ಹೊರಟ ಮೇಲೆ ಅದರ ತುದಿಗೆ ಕೊಳವೆಯನ್ನು ಕಟ್ಟಿ ಹಿಂದಕ್ಕೆ ಎಳೆಯುತ್ತಾರೆ. ಸಾವಧಾನವಾಗಿ ಮಾಡಿದರೆ ಮೇಲೆ ಮಲಗಿದ ಬೆಕ್ಕಿಗೂ ತಿಳಿಯುವುದಿಲ್ಲ. ಆದರೆ ಅಂದು ಯಂತ್ರದ ಪಕ್ಕದಲ್ಲಿ ಕೈಗಡಿಯಾರ ಹಿಡಿದು ನಿಂತಿದ್ದವನು, ಗಂಟೆ ಹೊಡೆದ ಕೂಡಲೇ ಉತ್ತರಪತ್ರಿಕೆ ಕಸಿದು ಅಭ್ಯಾಸವಿದ್ದ ನಾನು. “ರಾಹುಕಾಲ ಬಂತು, ಬಂತು” ಎಂದು ನಾನು ಹೇಳಿದಷ್ಟು ಸಲವೂ ಯಂತ್ರ ನಡೆಸುತ್ತಿದ್ದ ಬಿಸ್ವಾಲ್, ಒಡಿಶಾದಿಂದ ಬಂದಿದ್ದ ತಾಳ್ಮೆಯ ಮನುಷ್ಯ, ಜೇಡಿನೀರಿನ ಒತ್ತಡವನ್ನು ಇಷ್ಟಿಷ್ಟೇ ಏರಿಸಿದ. ಸಲಾಕೆಯು ರಾಹುಕಾಲಕ್ಕೆ ಮುನ್ನವೇ ಆಚೆ ತಲೆ ಹಾಕಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಗಡಿಯಾರವನ್ನು ತಾತನಿಗೆ ತೋರಿಸಿದೆ.

ಆಗ ದಾರಿಯ ನಟ್ಟನಡುವೆ ನೆಲ ಬಿಕ್ಕಳಿಸಿತು. ಒಂದು ಗುಳ್ಳೆ ಎದ್ದಿತು, ಒಡೆಯಿತು. ಹಿಂದೆಯೇ ಬೂದುಬಣ್ಣದ ಜೇಡಿಯು, ಉಕ್ಕಿದ ರಾಗಿ ಅಂಬಲಿಯ ಹಾಗೆ, ಬುಳುಬುಳು ಎಂದು ಹೊರಬಂದು ದಾರಿಯನ್ನು ಈ ಅಂಚಿನಿಂದ ಆ ಅಂಚಿಗೆ ತುಂಬಿ ಹೊಳೆಯುತ್ತ ಕುಳಿತಿತು.

ತಾತ ಬಗ್ಗಿ ನೋಡಿದರು.

“ಒಂದ್ ಹಿಡಿ ಅಂದ್ಯಲ್ಲ ವಾದ್ಯಾರು. ಇದು ಯಾರ ಹಿಡಿ, ಭೀಮಂದಾ?”

ಮೇಡಂ ಮುಂದೆ ಬಂದರು. “ತಾತಾ, ಇದು ಬರೀ ಜೇಡಿ, ನೀರು. ಮಕ್ಕಳು ಆಡಿದರೂ ಏನೂ ಆಗದು. ಟ್ಯಾಂಕರ್ ತರಿಸಿ ಈಗಲೇ ಹೀರಿಸಿಬಿಡ್ತೀನಿ.”

“ಬೇಡಮ್ಮಾ. ಯಾರೂ ಮುಟ್ಬಾರ್ದು. ನೀವೇನ್ ಮಾಡಿದ್ದೀರೀಂತ ಅದು ಬಂದು ನೋಡ್ಲಿ.”

“ಯಾರು?”

“ಪಟ್ಟದ್ದು. ಸಾಯಂಕಾಲ ಮಂದೆ ಇದೇ ದಾರೀಲಿ ಬತ್ತದೆ. ಅದು ಇದನ್ನ ತುಳ್ದು ದಾಟಿದ್ರೆ ನಿಮ್ ಕೊಳಾಯಿ ಎಳ್ಕೊಳಿ. ತಿರುಗ್ಕೊಂಡು ಹೋದ್ರೆ ನೀವೂ ಮಿಷನ್ ತಿರುಗಿಸ್ಕೊಂಡು ಹೋಗಿ. ಕೂಗಬಾರ್ದು, ಅಟ್ಟಬಾರ್ದು, ತಿನ್ನಕ್ಕೆ ತೋರಿಸ್ಬಾರ್ದು.”

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. “ಮುತ್ತು ಸಾರ್, ಇದಕ್ಕೆ ಮೇಲ್ಮನವಿ ಯಾರಿಗೆ ಸಲ್ಲಿಸಬೇಕು?”

“ಇದೇ ಕೊನೆಯ ನ್ಯಾಯಾಲಯ, ಮೇಡಂ.”

ಅವರು ಲೆಕ್ಕ ಹಾಕಿದರು. ಸಲಾಕೆಯನ್ನು ಹಾಗೆಯೇ ಬಿಟ್ಟರೆ ಬೆಳಗಾಗುವುದರೊಳಗೆ ಬಿಲ ಕುಸಿದುಹೋಗುತ್ತದೆ. ಬೇರೆ ಮಾರ್ಗವೆಂದರೆ ಬೆಟ್ಟದ ಬುಡವನ್ನು ಬಳಸಿ ಹೋಗಬೇಕು. ಅಷ್ಟು ಹೊತ್ತಿಗೆ ಯಾತ್ರಿಕರು ಹೋಗಿಯೂ ಆಗಿರುತ್ತದೆ, ಬಂದೂ ಆಗಿರುತ್ತದೆ. ಅತ್ತೆಯ ಮೆಸ್ಸಿನಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುತ್ತಿರುತ್ತಾರೆ. ನಮ್ಮೆಲ್ಲರ ಯೋಜನೆ, ಯಂತ್ರ, ಉಪಗ್ರಹ, ಇವೆಲ್ಲವೂ ಒಂದು ಹೋರಿಯ ಮೂಗಿನ ಮೇಲೆ ನಿಂತವು. ನನಗೆ ಅಳು ಬರಬೇಕಾಗಿತ್ತು. ಬಂದದ್ದು ಮಾತ್ರ ನಗು. ಅದನ್ನು ಕೆಮ್ಮಾಗಿ ಪರಿವರ್ತಿಸಿಕೊಂಡೆ.

ಸುದ್ದಿ ಕಣಿವೆಯಲ್ಲಿ ಅನಿಲಕ್ಕಿಂತ ವೇಗವಾಗಿ ಹರಿಯುತ್ತದೆ. ಮಧ್ಯಾಹ್ನದ ಬಸ್ಸಿನಲ್ಲಿ ಪಾಪಮ್ಮತ್ತೆ ಬಂದಿಳಿದರು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ತಾತ ದೂರದಿಂದಲೇ ಕೈ ಚಾಚಿದರು.

“ಪಾಪಾ, ಚೀಲ ಇಲ್ಲಿ ಕೊಡು.”

“ಯಾಕಣ್ಣಾ?”

“ಕೊಡು.”

ಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಅಚ್ಚು ಬೆಲ್ಲ ಮತ್ತು ತುಂಡು ಮಾಡಿದ ಕಬ್ಬು ಇದ್ದವು.

“ನಂಗೆ ತಿನ್ನಕ್ಕೆ,” ಎಂದರು ಅತ್ತೆ.

“ಸಕ್ರೆ ಕಾಯ್ಲೆ ಐತಲ್ಲ ನಿಂಗೆ.”

“ಅದುಕ್ಕೇ ತಿಂದಿಲ್ಲ, ಹಂಗೇ ಇಟ್ಕೊಂಡಿದೀನಿ.”

ತಾತ ಚೀಲವನ್ನು ಬೇಲಿಯಾಚೆಗೆ ಕಳುಹಿಸಿದರು. ಅತ್ತೆ ನನ್ನ ಪಕ್ಕದಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಬಿಗಿದು, “ನೀನ್ ಪಾಠ ಹೇಳ್ಕೊಂಡೇ ಇರಬೋದಿತ್ತು,” ಎಂದರು. ಆಗ ನನ್ನ ನಗು ನಿಜವಾಗಿಯೂ ನಿಂತಿತು.

ಬಿಸಿಲು ಬೆಟ್ಟದ ನೆತ್ತಿಗೆ ಸರಿದಾಗ ದೂಳು ಕಾಣಿಸಿತು. ಮೊದಲು ಗಂಟೆಯ ಸದ್ದು, ಅನಂತರ ಕೊಂಬುಗಳು. ಎಲ್ಲಕ್ಕಿಂತ ಮುಂದೆ ಪಟ್ಟದ ಹೋರಿ. ಕಪ್ಪು ಹಿಣಿಲು, ಬಿಳಿಯ ಹಣೆ, ಪರೀಕ್ಷಾ ಮಂಡಳಿಯ ಅಧ್ಯಕ್ಷರ ನಡಿಗೆ. ದಾರಿಯ ಎರಡು ಬದಿಯಲ್ಲೂ ನಾವು ಕೈಕಟ್ಟಿ ನಿಂತೆವು. ಬಿಸ್ವಾಲ್ ತಲೆಗವಚವನ್ನು ತೆಗೆದು ಎದೆಗೆ ಹಿಡಿದುಕೊಂಡಿದ್ದ.

ಹೋರಿ ಜೇಡಿಯ ಅಂಚಿಗೆ ಬಂದು ನಿಂತಿತು. ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ತಲೆ ಕೊಡವಿತು. ಮುಂಗಾಲನ್ನು ಇಟ್ಟು, ಜಾರಿದ್ದರಿಂದ ಹಿಂದಕ್ಕೆ ತೆಗೆದುಕೊಂಡಿತು. ಆಮೇಲೆ ನಿಧಾನವಾಗಿ, ಪೂರ್ತಿಯಾಗಿ, ಬೆಟ್ಟದ ಕಡೆಗೆ ತಿರುಗಿತು. ಹಿಂದಿದ್ದ ಹಸುಗಳು ಗಲಿಬಿಲಿಗೊಂಡು ನಿಂತವು. ಅತ್ತೆಯ ಕೈ ನನ್ನ ತೋಳನ್ನು ಹಿಡಿದುಕೊಂಡಿತು. ಅಡುಗೆಯವರ ಕೈ, ಇಕ್ಕಳದಂತಿತ್ತು. ಮೇಡಂ ಕಣ್ಣು ಮುಚ್ಚಿಕೊಂಡರು.

ಹೋರಿ ಅತ್ತ ಹೋಗಲಿಲ್ಲ. ಸುತ್ತು ಹಾಕಿ ಮತ್ತೆ ಬಂತು. ಮುಂಗಾಲುಗಳನ್ನು ಮಡಿಸಿ ಮಂಡಿಯೂರಿ, ಎರಡು ಕೊಂಬುಗಳನ್ನೂ ನಮ್ಮ ಜೇಡಿಯೊಳಕ್ಕೆ ಬುಡದವರೆಗೆ ಇಳಿಸಿತು. ಉತ್ತಿತು, ತೋಡಿತು, ಎಡಕ್ಕೂ ಬಲಕ್ಕೂ ಎರಚಿತು. ಹೋರಿಗಳಿಗೆ ತಂಪಾದ ಕೆಸರೆಂದರೆ ಎಷ್ಟು ಪ್ರಾಣವೆಂಬುದನ್ನು ನಾನು ಬಾಲ್ಯದಿಂದ ಬಲ್ಲೆ. ಭಯದಲ್ಲಿ ಅದು ಮರೆತೇ ಹೋಗಿತ್ತು. ಮೇಡಂ ಅವರ ಇಸ್ತ್ರಿಯ ಅಂಗಿಗೆ ಒಂದು ಹಿಡಿ ಬಿತ್ತು, ತಾತನ ಮೀಸೆಗೆ ಒಂದು ಹಿಡಿ. ಅನಂತರ ಅದು ಎದ್ದು ನಿಂತಿತು. ಕೊಂಬು, ಹಣೆ, ಹಿಣಿಲುಗಳ ಮೇಲೆ ಬೂದುಬಣ್ಣದ ಜೇಡಿಯು ಕಿರೀಟದಂತೆ ಹೊಳೆಯುತ್ತಿತ್ತು. ಅದನ್ನು ಹೊತ್ತುಕೊಂಡೇ ಕೆಸರನ್ನು ಪಚಪಚನೆ ತುಳಿಯುತ್ತ ದಾಟಿ, ನಮ್ಮ ಯಂತ್ರದ ಕಡೆಗೆ ತಿರುಗಿಯೂ ನೋಡದೆ, ಮನೆಯ ದಾರಿ ಹಿಡಿಯಿತು. ಮಂದೆಯೆಲ್ಲ ಹಿಂಬಾಲಿಸಿತು.

ಮೇಡಂ ಮುಖವನ್ನು ಒರೆಸಿಕೊಂಡರು. “ತಾತಾ, ಇದು ಒಪ್ಪಿಗೆ ಎಂದು ಭಾವಿಸಬಹುದೇ?”

“ತಲೆ ಮ್ಯಾಲೆ ಹೊತ್ಕೊಂಡು ಹೋಯ್ತಲ್ಲಮ್ಮಾ,” ಎಂದರು ತಾತ, ಮೀಸೆಯ ಜೇಡಿಯನ್ನು ಹಾಗೆಯೇ ಬಿಟ್ಟು. “ಇನ್ನೇನ್, ಕಾಗದಕ್ಕೆ ಕೈಯೆಳ್ತು ಬೇರೆ ಹಾಕ್ಬೇಕಾ?”

ಆ ಮೇಲೆ ನಡೆದದ್ದನ್ನು ಶಿಸ್ತಾಗಿ ವರ್ಣಿಸಲು ನನಗೆ ಸಾಧ್ಯವಿಲ್ಲ. ಬಿಸ್ವಾಲ್ ಒಡಿಯಾದಲ್ಲಿ ಏನೋ ಹಾಡಿದ. ಎಂದೂ ನಗದ ಮೇಡಂ ದಾರಿಯ ಬದಿಯ ಕಲ್ಲಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅತ್ತೆ ಬೇಲಿಯಾಚೆಯಿಂದ ಚೀಲ ತರಿಸಿಕೊಂಡು ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಹಳದಿ ಕೊಳವೆಯು ನೆಲದಡಿಯಲ್ಲಿ ಬೆಣ್ಣೆಯಲ್ಲಿ ಬೆರಳು ಸರಿದಂತೆ ಸರಿದು ಈಚೆಗೆ ಬಂತು.

ಯಾತ್ರೆಯ ಮೊದಲ ಸಂಜೆಗೆ ಮುನ್ನವೇ ಎರಡನೆಯ ಕೊಳವೆಯಲ್ಲಿ ಅನಿಲ ಹರಿಯಿತು. ಆ ಸಂಜೆ ನಾನು ಅತ್ತೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹುಬ್ಬಳ್ಳಿಯ ಕಡೆಯ ಯಾತ್ರಿಕರ ಬಸ್ಸೊಂದು ನಿಂತು, ಕಪ್ಪು ಪಂಚೆಯವರು ಬೆಂಚುಗಳನ್ನೆಲ್ಲ ತುಂಬಿದರು. ಅತ್ತೆಯ ಮಾತು ಕೇಳಿ ಒಬ್ಬರು, “ಅವ್ವಾರ, ನೀವು ಕನ್ನಡದವ್ರೇನ್ರೀ? ಏನೋ ಬ್ಯಾರೆ ನಮೂನಿ ಮಾತಾಡ್ತೀರಲ್ಲ,” ಎಂದರು. “ನಾವ್ ಆಡೋದೇ ಕನ್ನಡ ಸಾಮೀ. ನಿಮ್ದು ದಾರೀಲಿ ಅಲುಗಾಡಿ ಕೆಟ್ಟೋಗಿರ್ಬೇಕು,” ಎಂದು ಅತ್ತೆ ದೋಸೆಯ ಕಲ್ಲಿನಡಿ ಕಡ್ಡಿ ಗೀರಿದರು.

ಜ್ವಾಲೆಯು ಕಲ್ಲನ್ನು ಸುತ್ತುವರಿದು ಮೇಲಕ್ಕೇ ಎದ್ದಿತು. ಹುಯ್ದ ದೋಸೆ ಕಣ್ಣುಮುಚ್ಚಿ ತೆರೆಯುವುದರಲ್ಲಿ ಕಪ್ಪಾಯಿತು. ನಾನು ಹಾರಿ ಹೋಗಿ ಕವಾಟವನ್ನು ಮುಚ್ಚಿದೆ. ವಿಚಾರಿಸಿದಾಗ ತಿಳಿಯಿತು: ಒತ್ತಡ ಸಾ‍ಲದ ದಿನಗಳಲ್ಲಿ ಅತ್ತೆ ಯಾರೋ ಮೆಕ್ಯಾನಿಕ್ಕನ ಕೈಯಲ್ಲಿ ಬರ್ನರಿನ ತೂತುಗಳನ್ನು ಗುಟ್ಟಾಗಿ ದೊಡ್ಡದು ಮಾಡಿಸಿದ್ದರು. ಕಿರಿಯರು ಇದನ್ನು ಬರೆದಿಟ್ಟುಕೊಳ್ಳಲಿ: ಒತ್ತಡವನ್ನು ಏರಿಸುವುದಕ್ಕೆ ಮುನ್ನ, ಕೊನೆಯ ಮನೆಗಳ ಒಲೆಯ ತೂತುಗಳನ್ನು ಪರೀಕ್ಷಿಸತಕ್ಕದ್ದು. ನಮ್ಮ ಹುಡುಗರು ಸರಿಯಾದ ಬರ್ನರುಗಳನ್ನು ಕೂರಿಸಿದರು. ಮತ್ತೆ ಕಡ್ಡಿ ಗೀರಿದಾಗ ಎಲ್ಲ ಒಲೆಗಳಲ್ಲೂ ಜ್ವಾಲೆ ನೀಲಿಯಾಗಿ, ಸಮವಾಗಿ, ಅಲುಗದೆ ನಿಂತಿತು. ಅಷ್ಟರಲ್ಲಿ ಎರಡನೆಯ ಬಸ್ಸೂ ಬಂದು ನಿಂತಿತ್ತು, ಅದರ ಹಿಂದೆ ಮೂರನೆಯದು.

ಅತ್ತೆ ಕರಕಲಾದ ದೋಸೆಯನ್ನು ಬಾಳೆಲೆಗೆ ಹಾಕಿ ನನ್ನ ಮುಂದೆ ಇಟ್ಟರು.

“ತಿನ್ನು. ನೀನ್ ತಂದ ಬೆಂಕಿ ತಾನೇ.”

ತಿಂದೆ. ಇದ್ದಿಲಿನ ರುಚಿಯಿತ್ತು, ಅದಕ್ಕಿಂತ ಸೊಗಸಾದುದನ್ನು ನಾನು ಜನ್ಮದಲ್ಲಿ ತಿಂದಿಲ್ಲ. ಎಲೆಯನ್ನು ಖಾಲಿ ಮಾಡಿ, “ಇನ್ನೊಂದು ಹಾಕು ಅತ್ತೆ,” ಎಂದೆ.

ಅತ್ತೆ ತಿರುಗಿಯೂ ನೋಡಲಿಲ್ಲ. ಎರಡು ಕೈಯಲ್ಲೂ ಸಟ್ಟುಗ ಆಡುತ್ತಿತ್ತು.

“ಸಾಲಲ್ಲಿ ನಿಂತ್ಕೋ ಮುತ್ತೂ,” ಎಂದರು. “ಇವತ್ತು ಜನ ಅವ್ರೆ.”